ಶಾಹಿದಾ ಮೇಡಂ ಬೆಳೆಸಿದ ಗಿಡಗಳಿಗೆ ಕೈ ಹಚ್ಚಬೇಡಿ

ನಂಬಿಕೆ ಬರುತ್ತಿಲ್ಲ...
ಮೆಸೇಜ್ ಎರಡು ಸಲ ಓದಿದೆ. ಬೇರೆ ಯಾರೋ ಶಾಹಿದಾ ಇರಬೇಕು ಅಂದುಕೊಂಡೆ.
ಅಲ್ಲ...
ಸಿರುಗುಪ್ಪದ ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯ ಶಾಹಿದಾ ಮೇಡಂ.
ಬೆಳಗಿನ ಜಾವ ಹೃದಯಾಘಾತ...

ಬಳ್ಳಾರಿಯ ಅವರ ಮನೆಗೆ ಹೋಗಿ ಈಗಷ್ಟೇ ಬಂದೆ.
ಅಲ್ಲಿ ನಡೆದದ್ದನ್ನು ಬರೆಯದೆ ಇರಲಾರೆ.

ಅವರ ಮನೆಯೆದುರಿನ ಪಾರ್ಕ್ ಜಾಗದಲ್ಲಿ ಮೊದಲು ಎಲ್ಲರೂ ಕಸ ಸುರಿಯುತ್ತಿದ್ದರು.
ಶಾಹಿದಾ ಅದನ್ನು ಎತ್ತಿಸಿ, ಸಂಗನಕಲ್ಲು ಗುಡ್ಡದ ಕಡೆಯಿಂದ ಬೀಜ ಆರಿಸಿ ತಂದು, ಈ ನೆಲದ ಗಿಡಗಳನ್ನೇ ಬೆಳೆಸಿದರು.
ತಂಗಡಿ, ಲೆಕ್ಕಿ, ಕಾರೆ, ಕಕ್ಕೆ...
ಲೇಔಟ್ ಸಂಘದವರಿಗೆ ಅಲ್ಲಿ ಲಾನ್ ಬೇಕಿತ್ತು.
ಕುಡಿಯುವ ನೀರಿಗೆ ಕಾಯುವ ಊರಿನಲ್ಲಿ ಹುಲ್ಲಿಗೆ ಟ್ಯಾಂಕರ್!

ಇಂದು ಶಾಮಿಯಾನ ಹಾಕುವ ನೆಪದಲ್ಲಿ ಸಂಘದ ಅಧ್ಯಕ್ಷರು ಕುಡುಗೋಲು ಹಿಡಿದ ಇಬ್ಬರನ್ನು ಕರೆತಂದರು.

“ಬಂದ ಜನಕ್ಕ ನೆರಳು ಬೇಕ್ರಿ. ಹೆಂಗೂ ಎಲ್ಲಾ ಒಣಗಿ ಸತ್ತಾವು. ಕಡದ್ ಒಗೀರಿ.”

ಬಿಸಿಲು ಏರಿದಾಗ ಎಲೆ ಉದುರಿಸಿ ಬರೀ ಕೊಂಬೆಗಳಲ್ಲಿ ನಿಲ್ಲುವ ಗಿಡಗಳು ಅವು. ಪ್ರತಿ ಬೇಸಿಗೆಯೂ ಜನ ಇದೇ ತಪ್ಪು ಮಾಡುತ್ತಾರೆ.

ನಾನು ಜೋರಾಗಿ ಮಾತಾಡುವವಳಲ್ಲ. ಇಂದು ಮಾತಾಡಿದೆ.

“ಕೈ ಹಚ್ಚಬ್ಯಾಡ್ರಿ. ಮೊದ್ಲು ಉಗುರಿಲೆ ತೊಗಟಿ ಕೆರದ್ ನೋಡ್ರಿ.”

ಕುಡುಗೋಲಿನವರಲ್ಲಿ ಒಬ್ಬ ಕೆರೆದ.
“ಯಪ್ಪಾ... ಒಳಗ ಹಸರೈತಲ್ರೀ ಸಾಹೇಬ್ರ!”

ಅಧ್ಯಕ್ಷರಿಗೆ ಸಿಟ್ಟು ಬಂತು.
“ಮತ್ತ ಟೆಂಟ್ ಎಲ್ಲಿ ಹಾಕೋಣ್ರಿ ಮೇಡಂ, ನಿಮ್ಮ ತಲಿ ಮ್ಯಾಲ?”
“ರಸ್ತ್ಯಾಗ ಹಾಕ್ರಿ. ನಿಮ್ಮ ಕಾರು ಸ್ವಲ್ಪ ಆಚಿ ಸರಸ್ರಿ.”

ಸರಿಸಿದರು.

ಉಗುರಿನ ಆ ವಿದ್ಯೆ ನಿಮ್ಮದೇ, ಶಾಹಿದಾ...
ನಾನು ಅನುವಾದದ ಕಾದಂಬರಿ ಹಿಡಿದು ಕೂತರೆ ಸ್ಟಾಫ್ ರೂಮಿಗೆಲ್ಲ ಕೇಳುವಂತೆ ಛೇಡಿಸುತ್ತಿದ್ದಿರಿ.
“ರಷ್ಯಾದ ಬರ್ಚ್ ಮರ ಗೊತ್ತು ನಿಮಗ, ಕುರುಗೋಡು ರೋಡಿನ ತಂಗಡಿ ಗೊತ್ತಿಲ್ಲಲ್ರೀ ಕನ್ನಡ ಮೇಡಂ!”
ಈಗ ಗೊತ್ತು. ಆ ಪಾರ್ಕಿನ ಒಂದೊಂದು ಗಿಡದ ಹೆಸರೂ ಗೊತ್ತು.
ಲಾನ್ ಬಗ್ಗೆ ಸಂಘ ಮೀಟಿಂಗ್ ಕರೆದಾಗಲೆಲ್ಲ ನೀವು ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಿರಿ. ಒಬ್ಬರೇ...
ಒಂದು ದಿನವೂ ಅಂಜಲಿಲ್ಲ.

ನಿಮ್ಮನ್ನು ಕಬರಸ್ತಾನಕ್ಕೆ ಒಯ್ದ ಮೇಲೆ ಅಧ್ಯಕ್ಷರು ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು,
“ಸಾವಾದ ಮನಿ ಅಂತ ಇವತ್ತ ಬಿಟ್ಟೀವ್ರಿ. ಭಾನುವಾರ ಜೆಸಿಬಿ ಬರತೈತಿ.”

ಬರಲಿ.

ಗೆಳೆಯರೇ, ಅಳುವ ಇಮೋಜಿ ಸಾಕು. ಹಾರವೂ ಬೇಡ.
ಭಾನುವಾರ ಬೆಳಿಗ್ಗೆ ಬನ್ನಿ... ಇಂದು ತಂದ ಕುರ್ಚಿಗಳನ್ನೇ ಆ ಗಿಡಗಳ ಮುಂದೆ ಸಾಲಾಗಿ ಹಾಕಿಕೊಂಡು ಕೂರೋಣ.
ಟೆಂಟಿನವನಿಗೆ ಆಗಲೇ ಹೇಳಿ ಬಂದಿದ್ದೇನೆ.
ಎಷ್ಟು ಹೊತ್ತಾದರೂ ಸರಿ, ಏಳುವುದು ಬೇಡ.

ಹೋಗಿ ಬನ್ನಿ, ಶಾಹಿದಾ.
ನಿಮ್ಮ ಆತ್ಮಕ್ಕೆ ಶಾಂತಿ ಸಿಗಲಿ...
ನಮಗೆ ಸದ್ಯಕ್ಕೆ ಅದು ಬೇಡ.