ಅಗ್ನಿಗೆ ಒಂದು ಗೇಣು ರೇಷ್ಮೆ

ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಈಗಲೂ ಎಲ್ಲಾದರೂ ಆ ವಾಸನೆ ಮೂಗಿಗೆ ಬಡಿದರೆ ನನಗೆ ನಗು ತಡೆಯಲಾಗುವುದಿಲ್ಲ. ಈ ವಯಸ್ಸಿನಲ್ಲಿ ಒಬ್ಬಳೇ ನಿಂತು ನಗುತ್ತಿದ್ದರೆ ಮನೆಯವರು ಗಾಬರಿಯಾಗುತ್ತಾರೆ. ಅದಕ್ಕೇ ಕಾರಣ ಬರೆದಿಡುತ್ತಿದ್ದೇನೆ.

ನಾವು ದೊಡ್ಡಬಳ್ಳಾಪುರದ ನೇಕಾರರು. ಅಪ್ಪನ ಸೀರೆ ಕೊಳ್ಳಲು ಬರುತ್ತಿದ್ದ ಬೆಂಗಳೂರು ದಂಡು ಪ್ರದೇಶದ ಹೆಂಗಸೊಬ್ಬರು, "ಹುಡುಗಿ ಚೂಟಿ ಇದಾಳೆ, ಓದಿಸಿ" ಅಂತ ಹಟ ಹಿಡಿದು ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದ್ದರು. ಹೀಗಾಗಿ ಮನೆಯಲ್ಲಿ ನಾನು ಅರ್ಧ ಮಗಳು, ಅರ್ಧ ಗೆಸ್ಟ್. ನನಗೆ ಹತ್ತು ವರ್ಷವಾಗಿದ್ದ ಆ ದಸರಾ ರಜೆಗೆ ಇದ್ದಿಲಿನ ಬಸ್ಸಿನಲ್ಲಿ ಊರಿಗೆ ಬಂದೆ. ಯುದ್ಧದ ಕಾಲ, ಪೆಟ್ರೋಲ್ ಇಲ್ಲ. ಬಸ್ಸಿನ ಬೆನ್ನಿಗೊಂದು ಒಲೆ ಕಟ್ಟಿದ್ದರು. ಏರು ಬಂದಾಗಲೆಲ್ಲ ಡ್ರೈವರ್ ಇಳಿದು ಅದನ್ನು ಕೆದಕುತ್ತಿದ್ದ. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು, ತಲೆಯಲ್ಲಿ ಒಂದೇ ಯೋಚನೆ ಇಟ್ಟುಕೊಂಡು ಮನೆ ಸೇರಿದೆ: ಪಫ್ ಸ್ಲೀವ್ ಬ್ಲೌಸು.

ರಜೆ ಮುಗಿದ ಕೂಡಲೇ ನಮ್ಮ ಪ್ರೈಜ್ ಡೇ. ಸ್ಟೇಜಿನ ಮೇಲೆ ನಿಂತು ರೆಸಿಟೇಶನ್ ಹೇಳಬೇಕು. ಅವತ್ತು ಯೂನಿಫಾರ್ಮ್ ಬೇಡ, ನಿಮ್ಮ ನಿಮ್ಮ ಒಳ್ಳೆಯ ಬಟ್ಟೆ ಹಾಕಿಕೊಳ್ಳಿ ಎಂದಿದ್ದರು ಸಿಸ್ಟರ್. ಉಳಿದ ಹುಡುಗಿಯರಿಗೆಲ್ಲ ಲೇಸಿನ ಫ್ರಾಕುಗಳಿದ್ದವು. ನಾನು ಅಪ್ಪನಿಗೆ ಕಾಗದ ಬರೆದಿದ್ದೆ: ಕೆಂಪು ರೇಷ್ಮೆ, ತೋಳು ಬುಗ್ಗೆಯ ಹಾಗೆ ಉಬ್ಬಿರಬೇಕು. ಅಪ್ಪ ಕಾರ್ಡಿನಲ್ಲಿ ಒಂದೇ ಮಾತು ಬರೆದಿದ್ದರು, "ಆಗಲಿ."

ಆಗಲಿ ಅಂದದ್ದು ಸುಲಭವಲ್ಲ. ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋಗುತ್ತಿತ್ತು. "ನಮ್ಮ ರೇಷ್ಮೆ ಹಿಡ್ಕೊಂಡು ಸಿಪಾಯಿಗಳು ಆಕಾಶದಿಂದ ಇಳೀತಾರಂತೆ, ನಮ್ಮ ಹೆಂಗಸರು ಹತ್ತಿ ಸುತ್ಕೊಂಡು ನೆಲದ ಮೇಲೆ ಓಡಾಡ್ತಾರೆ" ಅನ್ನುತ್ತಿದ್ದರು ಅಪ್ಪ. ಕೊನೆಯ ಸೀರೆ ಇಳಿಸಿದ ಮೇಲೆ ಮಗ್ಗದಲ್ಲಿ ಮಿಕ್ಕಿದ್ದ ಕೆಂಪು ಹಾಸೇ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳೇ, ಮನೆಯಲ್ಲಿದ್ದ ರೇಷ್ಮೆ. ಒಂದು ಗಜಕ್ಕಿಂತ ತುಸು ಹೆಚ್ಚು ಬಟ್ಟೆಯಾಗುವಷ್ಟು. ಅದು ನನ್ನದು ಅಂತ ಆಗಿತ್ತು.

ಆದರೆ ಅದೇ ವಾರ ಹಿತ್ತಲಿನಲ್ಲಿ, ಮನೆಯ ಗೋಡೆಗೇ ಒತ್ತಿ ಕಟ್ಟಿಸಿದ ಹೊಸ ಮಗ್ಗದ ಮನೆಗೆ ಹೋಮ. ಐನೋರು ಬಂದು ಜಗಲಿಯ ಮೇಲೆ ಕೂತು ಸಾಮಾನಿನ ಪಟ್ಟಿ ಹೇಳಿದರು. ಸಮಿತ್ತು, ತುಪ್ಪ, ಎಳ್ಳು, ಅರಳು, ಕೊಬ್ಬರಿ ಗಿಟುಕು. ಕೊನೆಗೆ, "ಪೂರ್ಣಾಹುತಿಗೆ ಕೆಂಪು ರೇಷ್ಮೆ. ಒಂದು ಗೇಣಾದ್ರೂ ಸಾಕು. ಮಗ್ಗದಿಂದ ಇಳಿಸಿದ ಹಾಗೇ ಇರ್ಬೇಕು, ಎರಡೂ ಕಡೆ ಕುಚ್ಚು ಇರ್ಬೇಕು, ದೊಡ್ಡದ್ರಲ್ಲಿ ಹರಿದ ತುಂಡಾಗಿರಬಾರದು, ಯಾರೂ ಉಟ್ಟಿರಬಾರದು. ನೇಯೋರ ಮನೇಲಿ ಇದನ್ನ ನಾನು ಹೇಳ್ಬೇಕಾ."

ಅಪ್ಪ ಲೆಕ್ಕ ಹಾಕಿದರು. ಮೊದಲು ಹೋಮಕ್ಕೆ ಒಂದು ಗೇಣು ನೇಯುವುದು, ಕುಚ್ಚಿಗೆ ನೇಯದೆ ಜಾಗ ಬಿಡುವುದು, ಮುಂದಿನದು ನನ್ನ ಬ್ಲೌಸಿಗೆ. ಎಲ್ಲರಿಗೂ ಒಪ್ಪಿಗೆ.

ಆಮೇಲೆ ಆದದ್ದು ನೇಕಾರರ ಮನೆಯಲ್ಲಿ ಮಾತ್ರ ಆಗುವಂಥ ತಪ್ಪು. ತಿಂಗಳುಗಟ್ಟಲೆ ಒರಟು ಹತ್ತಿ ನೇಯ್ದು ನೇಯ್ದು ಬೇಸತ್ತಿದ್ದ ಅಪ್ಪನ ಕೈಗೆ ರೇಷ್ಮೆ ಸಿಕ್ಕಿಬಿಟ್ಟಿತು. ಒಂದೆಳೆ ಜರಿ ಹಾಕಿದರು. ಚೆನ್ನಾಗಿ ಕಂಡಿತು. ಸಣ್ಣ ಗೋಪುರದ ಸಾಲೊಂದು ಎಬ್ಬಿಸಿದರು. ಲಾಳಿ ಓಡಿದ್ದೇ ಓಡಿದ್ದು. ಗೇಣು ಯಾವಾಗ ಕಳೆಯಿತೋ ಅವರಿಗೇ ಗೊತ್ತಿಲ್ಲ. ಗಜದ ತುದಿಯಲ್ಲಿ ಮತ್ತೊಂದು ಗೋಪುರದ ಸಾಲು ಮುಗಿಸಿಯೇ ತಲೆ ಎತ್ತಿದರು. ನಡುವೆ ಎಲ್ಲೂ ಕುಚ್ಚಿಗೆ ಜಾಗವಿಲ್ಲ. ಹರಿದರೆ ತುಂಡು, ತುಂಡು ಹೋಮಕ್ಕೆ ಸಲ್ಲದು. ಅಂದರೆ ಪೂರ್ತಿ ಬಟ್ಟೆ ಅಗ್ನಿಗೆ.

"ಕೈ ನಿಲ್ಲಲಿಲ್ಲ ಕಣವ್ವಾ" ಅಂದರು ಅಪ್ಪ, ಅಜ್ಜಿಯ ಮುಂದೆ ತಲೆ ಬಗ್ಗಿಸಿ.

ನಾನು ಅಳಲಿಲ್ಲ, ಇಂಗ್ಲಿಷಿನಲ್ಲಿ ಮಾತಾಡಿದೆ. "ದಿಸ್ ಈಸ್ ವೇಸ್ಟ್."

"ಏನಂದ್ಲು ಅವಳು?" ಅಜ್ಜಿ ಅತ್ತೆಯನ್ನು ಕೇಳಿದರು. ಅತ್ತೆ ಅಂದರೆ ಅಪ್ಪನ ಕೊನೆಯ ತಂಗಿ, ಹದಿನಾರು ವರ್ಷದವಳು. ಇಡೀ ದಿನ ರಾಟೆಯ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ. ನನ್ನಿಂದಲೇ ನಾಲ್ಕು ಮಾತು ಕಲಿತಿದ್ದ ಅವಳೇ ನನ್ನ ಇಂಗ್ಲಿಷಿಗೆ ಇಂಟರ್‌ಪ್ರಿಟರ್.

"ದಂಡ ಅಂತಿದಾಳೆ."

"ಲೇ ಮಗಾ," ಅಜ್ಜಿ ನನ್ನ ಜಡೆ ಎಳೆದು ಹತ್ತಿರ ಕೂರಿಸಿಕೊಂಡರು. "ಅಗ್ನಿ ಅಂದ್ರೆ ದೇವರ ಟಪಾಲಿನೋನು. ನಾವು ಕೊಟ್ಟಿದ್ದನ್ನ ಮೇಲಕ್ಕೆ ಮುಟ್ಟಿಸ್ತಾನೆ. ಕಾಗದ ಡಬ್ಬಕ್ಕೆ ಹಾಕಿದ ಮೇಲೆ ದಂಡ ಆಯ್ತು ಅಂತ ಅಳ್ತೀಯಾ?"

"ಕಾಗದಕ್ಕೆ ಜವಾಬು ಬರುತ್ತೆ ಅಜ್ಜಿ."

"ಮಳೆ ಬಂತಲ್ಲ ಮೊನ್ನೆ, ಅದೇ ಜವಾಬು. ಓದಕ್ ಬರಲ್ಲ ನಿಂಗೆ, ಅಷ್ಟೇ."

ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಲೆಂಟ್, ಬಂದಾಗ ಸಿಸ್ಟರ್ ನಮ್ಮಿಂದ ಮಿಠಾಯಿ ಬಿಡಿಸುತ್ತಿದ್ದರು, ಅದನ್ನು ಸ್ಯಾಕ್ರಿಫೈಸ್ ಅನ್ನುತ್ತಿದ್ದರು. ಮಿಠಾಯಿಯನ್ನು ಯಾರೂ ಬೆಂಕಿಗೆ ಹಾಕುತ್ತಿರಲಿಲ್ಲ. ಈಸ್ಟರ್ ಬಂದರೆ ವಾಪಸ್ ಸಿಗುತ್ತಿತ್ತು. ನನಗೆ ಆ ಪದ್ಧತಿಯೇ ವಾಸಿ ಅನ್ನಿಸಿತು.

ಹೋಮದ ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತು. ಅಮ್ಮ ಅಡುಗೆ ಮನೆಯಲ್ಲಿ, ಅಜ್ಜಿ ದೇವಸ್ಥಾನದಲ್ಲಿ. ಅತ್ತೆ ಬಂದು ನನ್ನ ಕಿವಿಯಲ್ಲಿ ಅಂದಳು, "ಒಂದ್ಸಲ ಮೈಮೇಲೆ ಇಟ್ಟು ನೋಡೋಣ ಬಾರೇ. ನಾಳೆ ಹೆಂಗೂ ಹೋಗುತ್ತೆ."

ಬಟ್ಟೆಯನ್ನು ಭುಜದ ಮೇಲೆ ಹೊದಿಸಿ, ಮಡಿಚಿ, ಉಬ್ಬಿಸಿ, ನನ್ನ ಬೋರ್ಡಿಂಗ್ ಪೆಟ್ಟಿಗೆಯ ಮೂರು ಸೇಫ್ಟಿ ಪಿನ್ ಹಾಕಿ ಅವಳು ಪಫ್ ಸ್ಲೀವ್ ಮಾಡಿಯೇಬಿಟ್ಟಳು. ಹೊಳೆಯುವ ಹಿತ್ತಾಳೆ ಹಂಡೆಯೇ ಕನ್ನಡಿ. ಅದರಲ್ಲಿ ನಾನು ಕುಂಬಳಕಾಯಿಯಷ್ಟು ಅಗಲ, ತೋಳು ಎರಡು ಬದನೆಕಾಯಿ. ನಾನು ಕಾನ್ವೆಂಟಿನ ಡ್ರಿಲ್ ಹೆಜ್ಜೆ ಹಾಕುತ್ತಾ ರೆಸಿಟೇಶನ್ ಹೇಳಿದೆ, ಅವಳು ಹಂಡೆ ಬಡಿದು ತಾಳ ಹಾಕಿದಳು. ಇಬ್ಬರಿಗೂ ಬಿಕ್ಕಳಿಕೆ ಬರುವಷ್ಟು ನಗು. ಕೊನೆಯಲ್ಲಿ ನಾನು ಸಿಸ್ಟರ್‌ಗೆ ಮಾಡುವ ಹಾಗೆ ಬಗ್ಗಿ ಕರ್ಟ್ಸಿ ಮಾಡಿದೆ. ಚರ್ ಅಂತ ಭುಜದ ಪಿನ್ ಎಳೆಯಿತು.

ಸಾಸಿವೆಯಷ್ಟು ತೂತು. ಅತ್ತೆ ಅದನ್ನು ಉಗುರಿನಲ್ಲಿ ತೀಡಿ ಎಳೆ ಕೂಡಿಸಿದಳು, ಬಟ್ಟೆ ಮಡಿಚಿ ತಟ್ಟೆಯಲ್ಲಿ ಮೊದಲಿದ್ದ ಹಾಗೇ ಇಟ್ಟಳು. "ಬಾಯಿ ಬಿಟ್ಟೀಯ, ಹುಷಾರು."

ಬೆಳಿಗ್ಗೆ ಹೊಸ ಮಗ್ಗದ ಮನೆಯಲ್ಲಿ ಹೋಮ ಶುರುವಾಯಿತು. ಬೆರಳಿಗೆ ದರ್ಭೆಯ ಉಂಗುರ ಹಾಕಿಕೊಂಡು ಅಪ್ಪ ಕೂತರು, ಪಕ್ಕದಲ್ಲಿ ಅಮ್ಮ. ಐನೋರು "ಸ್ವಾಹಾ" ಅಂದಾಗ ಅಪ್ಪ ಮರದ ಸವಟಿನಿಂದ ತುಪ್ಪ ಬಿಡುತ್ತಿದ್ದರು, ಬಿಟ್ಟ ಕೂಡಲೇ "ನ ಮಮ" ಅನ್ನುತ್ತಿದ್ದರು. ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದುದನ್ನು ಕಂಡು ಐನೋರು ನಡುವೆ ಒಂದು ಘಳಿಗೆ ನಿಲ್ಲಿಸಿದರು.

"ಏನಮ್ಮಾ ಇಂಗ್ಲಿಷ್ ಮಗು, ಅರ್ಥ ಗೊತ್ತಾಯ್ತಾ? ನ ಮಮ ಅಂದ್ರೆ ಇದು ನಂದಲ್ಲ ಅಂತ. ಬೆಂಕಿಗೆ ಹಾಕೋದು ಯಾರು ಬೇಕಾದ್ರೂ ಹಾಕ್ತಾರೆ, ಒಲೆ ಮುಂದೆ ಕೂತ ನಿಮ್ಮಮ್ಮ ದಿನಾ ಸೌದೆ ಹಾಕಲ್ವಾ. ಹಾಕಿ ನಂದಲ್ಲ ಅಂತೀವಲ್ಲ, ಆಗ ಅದು ಆಹುತಿ."

ಆ ಮಾತು ನನಗೆ ನೇರವಾಗಿ ಪಿನ್ನಿನ ತೂತಿಗೇ ಚುಚ್ಚಿತು. ಉಟ್ಟ ಬಟ್ಟೆ ಹೋಮಕ್ಕೆ ಸಲ್ಲದು. ಹೇಳದೇ ಇದ್ದರೆ ಅಪ್ಪ ನನ್ನ ಮೈಲಿಗೆ ಬಟ್ಟೆಯನ್ನು ದೇವರಿಗೆ ಕಳಿಸುತ್ತಾರೆ, ಹೊಸ ಮಗ್ಗಗಳಿಗೆ ಏನಾಗುತ್ತದೋ. ಹೇಳಿದರೆ ಬಟ್ಟೆ ನನಗೇ ಸಿಗುತ್ತದೆ. ಅದೇ ದೊಡ್ಡ ಕಷ್ಟ. ಬೇಕಂತಲೇ ಮಾಡಿದಳು ಅನ್ನುವುದಿಲ್ಲವೇ? ಅತ್ತೆ ಬಾಗಿಲ ಪಕ್ಕದಿಂದ ನನ್ನನ್ನೇ ನೋಡುತ್ತಾ ಸಣ್ಣಗೆ ತಲೆ ಆಡಿಸುತ್ತಿದ್ದಳು, ಬೇಡ, ಬೇಡ.

ಅಮ್ಮ ಕೊಬ್ಬರಿ ಗಿಟುಕಿಗೆ ತುಪ್ಪ ತುಂಬಿ, ಅದಕ್ಕೆ ಸುತ್ತಲಿಕ್ಕೆ ಕೆಂಪು ಬಟ್ಟೆಗೆ ಕೈ ಹಾಕಿದರು. ನನ್ನ ಬಾಯಿ ತಾನಾಗಿ ತೆರೆಯಿತು. "ಅದನ್ನ ನಾನು ಹಾಕ್ಕೊಂಡಿದ್ದೆ."

ಅಮ್ಮ ಬಟ್ಟೆಯನ್ನು ತಟ್ಟೆಗೆ ವಾಪಸ್ ಇಟ್ಟರು.

"ಪಿನ್ನು ಚುಚ್ಚಿದ್ದು ನಾನು" ಅಂದಳು ಅತ್ತೆ, ಬಾಗಿಲ ಹಿಂದಿನಿಂದ.

ಐನೋರು ಬಟ್ಟೆ ಬಿಡಿಸಿ ತೂತು ನೋಡಿದರು. ಅವರ ಹೊಟ್ಟೆ ಒಂದು ಸಲ ಕುಲುಕಿತು, ಆದರೆ ಮುಖ ಗಂಭೀರ. "ಇದು ಅಗ್ನಿಗೆ ಆಗಲ್ಲ. ಇನ್ನೊಂದು ಉಂಟಾ?"

ಊರಲ್ಲೇ ರೇಷ್ಮೆ ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಹೇಳಿದರು, "ಹಳೇ ಮಗ್ಗದಲ್ಲಿ ಒಂದು ಗೇಣು ಹಾಸು ಉಳಿದಿದೆ."

ಅಜ್ಜಿ ಬೆಚ್ಚಿದರು. ಆ ಗೇಣು ಹಾಸನ್ನು ಯಾವ ನೇಕಾರನೂ ನೇಯುವುದಿಲ್ಲ. ಬಾಚಣಿಗೆಯಂಥ ಹಣಿಗೆಯಲ್ಲಿ ಪೋಣಿಸಿದ ಎಳೆಗಳನ್ನು ಹಾಗೇ ಬಿಟ್ಟಿರುತ್ತಾರೆ, ಹೊಸ ಹಾಸು ಬಂದಾಗ ಎಳೆಗೆ ಎಳೆ ಹೊಸೆದು ಕೂಡಿಸಲಿಕ್ಕೆ. "ಅದನ್ನೂ ನೇಯ್ದುಬಿಟ್ರೆ ಮತ್ತೆ ಒಂದೊಂದೇ ಎಳೆ ಪೋಣಿಸ್ಬೇಕಲ್ಲೋ. ಸಾವಿರಗಟ್ಲೆ."

"ಪೋಣಿಸೋಣ."

"ನೇಯೋರು ಯಾರು? ಪೂರ್ಣಾಹುತಿ ಆಗೋವರೆಗೂ ನೀನು ಏಳೋಹಂಗಿಲ್ಲ" ಅಂದರು ಐನೋರು.

ಅಪ್ಪ ನಮ್ಮಿಬ್ಬರ ಕಡೆ ನೋಡಿದರು. ನಮ್ಮ ಮನೆಯಲ್ಲಿ ಹೆಂಗಸರು ನೂಲು ಸುತ್ತುತ್ತಿದ್ದರು, ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗೆ ಇಳಿಯುತ್ತಿರಲಿಲ್ಲ. "ಉಟ್ಟೋರೇ ನೇಯ್ಲಿ. ಹೋಗಿ."

ನಾವು ಒಳಮನೆಯ ಹಳೇ ಮಗ್ಗಕ್ಕೆ ಓಡಿದೆವು. ಗುಂಡಿಗೆ ಇಳಿದರೆ ನನ್ನ ಕಾಲು ತುಳಿಯುವ ಕೋಲಿಗೆ ಎಟುಕುತ್ತಿಲ್ಲ. ಅತ್ತೆ ಗುಂಡಿಯಲ್ಲಿ ಕೂತು ತುಳಿಯುವುದು, ನಾನು ಮೇಲಿನಿಂದ ಬಗ್ಗಿ ಲಾಳಿಯ ಹಗ್ಗ ಎಳೆಯುವುದು, ಹಣಿಗೆ ಹೊಡೆಯುವುದು ಅಂತ ಆಯಿತು. ಅವಳು ತುಳಿದಾಗ ನಾನು ಎಳೆಯುತ್ತಿಲ್ಲ, ನಾನು ಎಳೆದಾಗ ಅವಳು ತುಳಿಯುತ್ತಿಲ್ಲ. ಲಾಳಿ ಹಾರಿ ಅಕ್ಕಿ ಡಬ್ಬಕ್ಕೆ ಬಡಿಯಿತು. ಮತ್ತೆ ನಗು. ಗೋಡೆಯಾಚೆ ಐನೋರು ಬೆಂಕಿ ಆರದಂತೆ ಮಂತ್ರವನ್ನು ಲಂಬಿಸುತ್ತಿದ್ದರು, ಇರುವ ತುಪ್ಪವನ್ನು ತೊಟ್ಟು ತೊಟ್ಟು ಬಿಡಿಸುತ್ತಿದ್ದರು. ಅಪ್ಪ ಕೂತಲ್ಲಿಂದಲೇ ಕಿವಿಯಲ್ಲಿ ನೇಯುತ್ತಿದ್ದರು.

"ಸ್ವಾಹಾ."

"ನ ಮಮ. ಹಣಿಗೆ ಅಷ್ಟು ಜೋರಾಗಿ ಹೊಡೀಬೇಡ ಮಗಾ."

"ಸ್ವಾಹಾ."

"ನ ಮಮ. ಬಲಗಡೆ ಎಳೆ ಹರೀತು, ಕಟ್ಟು."

ನೋಡಿದರೆ ನಿಜವಾಗಿ ಬಲಗಡೆ ಹರಿದಿತ್ತು. ಗೋಡೆಯಾಚೆ ಕೂತವರಿಗೆ ಹೇಗೆ ಕೇಳಿಸಿತೋ. "ಏನಪ್ಪಾ, ನೀನು ಯಾವ ದೇವರಿಗೆ ಕೊಡ್ತಿದೀಯ, ಅಗ್ನಿಗೋ ಲಾಳಿಗೋ" ಎಂದು ಐನೋರು ಗದರಿದ್ದು, ಅಮ್ಮ ಸೆರಗಿನೊಳಗೆ ನಕ್ಕಿದ್ದು, ಎಲ್ಲ ನಮಗೆ ಕೇಳುತ್ತಿತ್ತು. ಅರ್ಧ ಗಂಟೆಯೋ, ಇನ್ನೂ ಹೆಚ್ಚೋ. ನಡುವೆ ಎಲ್ಲೋ ಒಂದು ಕಡೆ ಅವಳ ಕಾಲು, ನನ್ನ ಕೈ ಒಂದೇ ಲಯಕ್ಕೆ ಬಿದ್ದವು. ಟಕ್ ಟಕಾ, ಟಕ್ ಟಕಾ. ಗೋಡೆಯಾಚೆ ಅಪ್ಪ ಸುಮ್ಮನಾದರು. ಆ ಹತ್ತಿಪ್ಪತ್ತು ಎಳೆಗಳ ಹೊತ್ತು ನನ್ನ ಮೈಯೆಲ್ಲ ಜುಂ ಅಂದದ್ದು ಯಾವ ಪ್ರೈಜಿಗೂ ಆಗಿಲ್ಲ.

"ಸಾಕು ತನ್ನಿ, ತುಪ್ಪ ತಳ ಕಂಡಿತು" ಎಂದು ಅಜ್ಜಿ ಕೂಗಿದರು.

ಕತ್ತರಿಸಿ ತಂದದ್ದು ಒಂದು ಗೇಣು ಇತ್ತೋ ಇಲ್ಲವೋ. ಎಡಗಡೆ ಬಿಗಿ, ಬಲಗಡೆ ಸಡಿಲ, ಸೋರೆಕಾಯಿಯ ಆಕಾರ. ಹರಿದ ಎಳೆ ಕಟ್ಟಿದ ಕಡೆ ಬೆರಳು ತೂರುವಷ್ಟು ಕಿಂಡಿ. ಅಪ್ಪ ಅಭ್ಯಾಸಬಲದಿಂದ ಅದನ್ನು ಹೆಬ್ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದರು.

"ಗಿರಾಕಿಗೆ ತೋರಿಸ್ತಿದೀಯಾ?" ಅಂದರು ಐನೋರು.

"ಇಲ್ಲ ಬುದ್ಧಿ. ಬಲಗಡೆ ಸ್ವಲ್ಪ ಸಡಿಲ."

"ಅಗ್ನಿ ಅಡ್ಜಸ್ಟ್ ಮಾಡ್ಕೋತಾನೆ, ಸುತ್ತು." ಅಡ್ಜಸ್ಟ್ ಅಂದಾಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಎಲ್ಲರೂ ಸವಟಿಗೆ ಕೈ ಸೇರಿಸಿದೆವು, ಅತ್ತೆಯದು ನನ್ನ ಕೈ ಮೇಲೆ. "ಈಗ ಈ ಮಗುವೇ ಹೇಳ್ಲಿ."

ಪಕ್ಕದ ತಟ್ಟೆಯಲ್ಲಿ ಗೋಪುರದ ಜರಿಯ ಇಡೀ ಗಜ ಬಿದ್ದಿತ್ತು, ಈಗ ಅದು ನನ್ನದೇ. ಅದನ್ನು ಬೇಕಾದರೆ ಕೊಡುತ್ತಿದ್ದೆ. ಈ ಸೊಟ್ಟ ಗೇಣನ್ನು ಕೊಡಲು ಮನಸ್ಸಿಲ್ಲ. ನಾನು ನೇಯ್ದದ್ದು ಇದು. ಪೆಟ್ಟಿಗೆಯಲ್ಲಿಟ್ಟುಕೊಂಡು ಬೋರ್ಡಿಂಗಿಗೆ ಒಯ್ದು ಎಲ್ಲರಿಗೂ ತೋರಿಸಬೇಕು. ಐನೋರು ಕಾದರು. ಅವಸರ ಮಾಡಲಿಲ್ಲ.

"ನ ಮಮ" ಅಂದೆ. ಸವಟು ಬಾಗಿತು. ಅಂಚು ಕಪ್ಪಾಗಿ ಸುರುಳಿ ಸುತ್ತಿತು, ಕೂದಲು ಸುಟ್ಟ ವಾಸನೆ ಬಂತು, ಬೆಂಕಿ ಸೂರಿನವರೆಗೆ ಎದ್ದಿತು.

"ನೋಡೇ, ಸಡಿಲ ಇದ್ದ ಕಡೆಯಿಂದಲೇ ತಿಂದ" ಎಂದು ಅತ್ತೆ ಪಿಸುಗುಟ್ಟಿದಳು. ಕಣ್ಣಲ್ಲಿ ನೀರಿಟ್ಟುಕೊಂಡೇ ನಾನು ಪಕ್ಕನೆ ನಕ್ಕುಬಿಟ್ಟೆ. ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ, ಐನೋರ ಹೊಟ್ಟೆಗೆ ಕೂಡ.

ಉಳಿದ ರಜೆಯೆಲ್ಲ ಹಳೇ ಮಗ್ಗದ ಮುಂದೆ ಎಳೆ ಪೋಣಿಸುವುದೇ ಕೆಲಸ. ಒಂದು ಕಡೆ ಅಜ್ಜಿ, ಒಂದು ಕಡೆ ಅತ್ತೆ, ನಡುವೆ ಎಳೆ ಆರಿಸಿ ಕೊಡುವವಳು ನಾನು. ಪ್ರೈಜ್ ಡೇಗೆ ಪಫ್ ಸ್ಲೀವ್ ಹಾಕಿಕೊಂಡೆ. ಎಲ್ಲರೂ ಲವ್ಲೀ ಅಂದರು. ಮುಂದಿನ ವರ್ಷಕ್ಕೆ ಅದು ಬಿಗಿಯಾಗಿ ಯಾರಿಗೋ ಹೋಯಿತು. ಯಾರಿಗೆ ಅಂತ ನೆನಪಿಲ್ಲ.

ಮತ್ತೆಂದೂ ನಾನು ಮಗ್ಗ ಮುಟ್ಟಲಿಲ್ಲ. ಆದರೆ ಆ ಸೊಟ್ಟ ಬಟ್ಟೆಯಲ್ಲಿ ಕಿಂಡಿ ಎಲ್ಲಿತ್ತು ಅಂತ ಈಗಲೂ ಯಾರಾದರೂ ಕೇಳಿದರೆ, ಗಾಳಿಯಲ್ಲಿ ಒಂದು ಗೇಣು ಅಳೆದು, ಬಲಗಡೆಯಿಂದ ಎರಡು ಬೆರಳು ಒಳಗೆ, ಇಲ್ಲಿ ಅಂತ ತೋರಿಸುತ್ತೇನೆ.