ಬೀರುವಿನ ಪಟ್ಟಿಯಲ್ಲಿ ಅತ್ತೆ ಇರಲಿಲ್ಲ

ಸೋದರತ್ತೆಯನ್ನು ನಮ್ಮ ಕುಟುಂಬದ ಚಾಟ್‌ನಿಂದ ಹೊರಗಿಟ್ಟವರು ಚಿಕ್ಕಪ್ಪ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಇತ್ತೀಚೆಗೆ ಹಾಗೆ ಹೇಳುವಾಗ ನಾಲಗೆ ತಡೆಯುತ್ತದೆ.

ಎರಡು ಸಾವಿರದ ಆರೋ ಏಳೋ ಇರಬೇಕು. ನಾನಾಗ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಮೈಸೂರಿನಲ್ಲಿ ಶುರುಮಾಡಿದ ಪಿಎಚ್‌ಡಿ ಅರ್ಧಕ್ಕೆ ನಿಂತಿತ್ತು. ಅಲ್ಲಿ ಜೊತೆಗೆ ಓದಿದ ಗೆಳೆಯನೊಬ್ಬ ತನ್ನ ಮನೆಯ ಕಂಪ್ಯೂಟರೊಂದರಲ್ಲಿ ನಮ್ಮ ಕುಟುಂಬಕ್ಕೆಂದೇ ಖಾಸಗಿ ಚಾಟ್ ಮಾಡಿಕೊಟ್ಟಿದ್ದ. ಜಾವಳಿಯ ತೋಟದಿಂದ ಚಿಕ್ಕಪ್ಪ, ಮಲ್ಲಂದೂರಿನಿಂದ ದೊಡ್ಡಪ್ಪನ ಮಕ್ಕಳು, ಹೊರನಾಡಿನಿಂದ ಅತ್ತೆ, ಇನ್ನೂ ಕೆಲವರು ಅದರಲ್ಲಿದ್ದರು.

ಅಲ್ಲಿ ಪ್ರೀತಿಯ ಮಾತು ಹರಿಯುತ್ತಿತ್ತು ಎಂದು ಯಾರೂ ತಿಳಿಯಬೇಕಾಗಿಲ್ಲ. ಹರಿಯುತ್ತಿದ್ದದ್ದು ಮಳೆಯ ಸುದ್ದಿ. ಕಾಫಿಯವರು ಬೆಳಿಗ್ಗೆ ಮಳೆಮಾಪಕ ನೋಡಿ, ಎಷ್ಟು ಇಂಚು, ಎಷ್ಟು ಸೆಂಟ್ಸ್ ಎಂದು ನೆಂಟರಿಗೆಲ್ಲ ಹೇಳುತ್ತಾರೆ. ಇಂಚಿನ ನೂರನೆಯ ಒಂದು ಪಾಲು ಸೆಂಟ್ಸ್. ಮೊದಲು ಫೋನಿನಲ್ಲಿ ಕೂಗಿ ಹೇಳುತ್ತಿದ್ದದ್ದನ್ನು ಆಮೇಲೆ ಟೈಪ್ ಮಾಡತೊಡಗಿದರು. ಅತ್ತೆಗೆ ತೋಟವಿರಲಿಲ್ಲ. ದೇವಸ್ಥಾನಕ್ಕೆ ಬರುವವರಿಗೆ ಲಾಡ್ಜ್ ನಡೆಸುವ ಮನೆಗೆ ಅವರನ್ನು ಕೊಟ್ಟಿದ್ದರು. ಆದರೂ ಲಾಡ್ಜಿನ ತಾರಸಿಯಲ್ಲಿ ಮಳೆಮಾಪಕ ಇಟ್ಟುಕೊಂಡಿದ್ದರು. ಎಲ್ಲರಿಗಿಂತ ಮೊದಲು ಅವರ ಮಳೆ ಬರುತ್ತಿತ್ತು, ಹಿಂದೆಯೇ ಬೇರೆಯವರ ಮಳೆಯ ತನಿಖೆ.

ಒಮ್ಮೆ ಮಾರ್ಚಿನಲ್ಲಿ ಚಿಕ್ಕಪ್ಪ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಎಪ್ಪತ್ತು ಸೆಂಟ್ಸ್ ಬಿತ್ತೆಂದು ಬರೆದರು. ಅತ್ತೆ ಬಿಡಲಿಲ್ಲ: "ನಿಮ್ಮ ಕಡೆಯಿಂದ ಬಂದ ಜೀಪಿನ ಮೇಲೆ ಅಷ್ಟು ಧೂಳಿತ್ತಲ್ಲ ಮಾರಾಯ. ಮಳೆ ನಿನ್ನ ಡಬ್ಬಿಯೊಳಗೆ ಮಾತ್ರ ಬಿತ್ತಾ?" ಎಲ್ಲರೂ ನಕ್ಕರು. ಎರಡು ದಿನ ಕಳೆದು ನನ್ನ ಸರದಿ: "ಥೀಸಿಸ್ ಎಷ್ಟು ಸೆಂಟ್ಸ್ ಆಯ್ತೋ?" ಅದಕ್ಕೂ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಚಾಟ್‌ನ ವಿಳಾಸದಲ್ಲಿ ಗೆಳೆಯನ ಹೆಸರಿತ್ತು. ಅದು ಚಿಕ್ಕಪ್ಪನಿಗೆ ಚುಚ್ಚುತ್ತಿತ್ತು. "ಮನೆ ಮಾತಾಡೋಕೆ ಯಾರ್ದೋ ಜಗಲಿ ಮೇಲೆ ಕೂರ್ಬೇಕಾ? ನಮ್ಮನೆಗೆ ಹೆಸ್ರಿಲ್ವಾ?" ಎಂದು ಕೇಳುತ್ತಲೇ ಇದ್ದರು. ಕೊನೆಗೆ ಮನೆತನದ ಹೆಸರಿನಲ್ಲೇ ಒಂದು ಡೊಮೇನ್, ಎಂದರೆ ಇಂಟರ್ನೆಟ್ಟಿನ ವಿಳಾಸ, ಕೊಂಡು ಚಾಟನ್ನು ಅಲ್ಲಿಗೆ ಸಾಗಿಸಲು ಹೊರಟೆ. ಇನ್ನು ಮುಂದೆ ಪ್ರತಿಯೊಬ್ಬರ ವಿಳಾಸದ ಮುಂದುಗಡೆ ಅವರವರ ಹೆಸರು, ಹಿಂದುಗಡೆ ಮನೆಯ ಹೆಸರು. ಹಳೆಯ ಖಾತೆಗಳು ತಾವಾಗಿ ಹೊಸದಕ್ಕೆ ಬರುವುದಿಲ್ಲ. ಒಬ್ಬೊಬ್ಬರಿಗೂ ಹೊಸದಾಗಿ ತೆರೆದು, ವಿಳಾಸ ಮತ್ತು ಪಾಸ್‌ವರ್ಡ್ ತಿಳಿಸಬೇಕಿತ್ತು. ಅದಕ್ಕೊಂದು ಪಟ್ಟಿ ಬೇಕಾಯಿತು.

ಪಟ್ಟಿ ಸಿದ್ಧವಾಗಿಯೇ ಇತ್ತು. ನಮ್ಮ ಮನೆಯ ಕಬ್ಬಿಣದ ಬೀರುವಿನ ಬಾಗಿಲ ಒಳಗೆ ಅಪ್ಪ ಅಂಟಿಸಿದ್ದ ಕಾಗದ. ಹೆಸರು, ಊರು, ಫೋನ್ ನಂಬರು ಎಲ್ಲ ಅದರಲ್ಲಿತ್ತು. ಕುಟುಂಬದಲ್ಲಿ ಸಾವಾದರೆ ಹತ್ತು ದಿನ ಸೂತಕ ಹಿಡಿಯಬೇಕಾದವರಿಗೆ ತಪ್ಪದೆ ಸುದ್ದಿ ಮುಟ್ಟಿಸಲು ಬರೆದದ್ದು ಅದು. ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳು ಗಂಡನ ಗೋತ್ರಕ್ಕೆ ಸೇರಿದವರು, ಅವರಿಗೆ ಹತ್ತು ದಿನವಿಲ್ಲ. ಹಾಗಾಗಿ ಅತ್ತೆಯ ಹೆಸರು ಅದರಲ್ಲಿರಲಿಲ್ಲ. ಪಟ್ಟಿಯಲ್ಲಿ ಇದ್ದಷ್ಟು ಜನಕ್ಕೆ ಖಾತೆ ತೆರೆದೆ.

ಎರಡು ವಾರ ಯಾರೂ ಅತ್ತೆ ಎಲ್ಲಿ ಎಂದು ಕೇಳಲಿಲ್ಲ. ಗೆಳೆಯ ಹಳೆಯ ಕಂಪ್ಯೂಟರನ್ನು ಇನ್ನೂ ನಿಲ್ಲಿಸಿರಲಿಲ್ಲ. ಅತ್ತೆ ದಿನವೂ ಅಲ್ಲಿಗೇ ಮಳೆ ಕಳಿಸುತ್ತಿದ್ದರು. ಯಾರದೂ ಉತ್ತರವಿಲ್ಲದ್ದನ್ನು ಕಂಡು ಮಲ್ಲಂದೂರಿಗೆ ಫೋನ್ ಮಾಡಿದಾಗ ಅವರಿಗೆ ವಿಷಯ ತಿಳಿಯಿತು.

ಆ ಭಾನುವಾರ ಚಿಕ್ಕಪ್ಪನ ಕಂಪ್ಯೂಟರಿಗೆ ಏನೋ ಸರಿಮಾಡಲು ನಾನು ಜಾವಳಿಗೆ ಹೋಗಿದ್ದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅತ್ತೆ ಬಂದರು. ಚಪ್ಪಲಿ ಬಿಡದೆ ಮೆಟ್ಟಿಲ ಮೇಲೆಯೇ ನಿಂತು ನನ್ನನ್ನು ಕರೆದರು.

"ಯಾವ ಪಟ್ಟಿ ನೋಡಿ ಜನ ಸೇರ್ಸಿದ್ಯೋ?"

"ಬೀರುವಿನದು, ಅತ್ತೆ."

"ಸೂತಕದ್ದಾ?" ಅವರು ನಗಲೂ ಇಲ್ಲ, ಕೂಗಲೂ ಇಲ್ಲ. "ಸತ್ತಾಗ ಸುದ್ದಿ ಕಳ್ಸೋ ಪಟ್ಟಿ ಇಟ್ಕಂಡು ಬದುಕಿರೋರ್ನ ಮಾತಿಗೆ ಕರೆದ್ಯಾ? ಎಷ್ಟು ಓದಿದ್ಯಲ್ಲ ಮಾರಾಯ!"

ಚಿಕ್ಕಪ್ಪ ಒಳಗಿನಿಂದ ಬಂದರು. "ಪಟ್ಟಿ ಸರಿಯಾಗೇ ಇದೆ. ಕೊಟ್ಟ ಹೆಣ್ಣಿಗೆ ಈ ಮನೆ ಹೆಸ್ರಿನ ವಿಳಾಸ ಎಂಥಕ್ಕೆ? ನಿಂಗೆ ನಿನ್ನ ಲಾಡ್ಜಿನ ಹೆಸ್ರಿಲ್ವಾ ಅಕ್ಕ?"

"ನಾನು ಸತ್ರೆ ನೀನು ಮೂರು ದಿನ ಸೂತಕ ಹಿಡೀತಿ. ಇರೋವಾಗ ಒಂದು ವಿಳಾಸಕ್ಕೂ ಗತಿಯಿಲ್ವಾ?" ಎಂದು ಅವರಿಗೆ ಹೇಳಿ, ಅತ್ತೆ ನನ್ನ ಕಡೆ ತಿರುಗಿದರು. "ಆ ಪಟ್ಟಿ ಸಾಕು ಅಂತ ಹೇಳಿದ್ದು ಯಾರು? ಅದೊಂದು ಹೇಳು. ನಿನ್ನ ಬುದ್ಧಿಯಾದ್ರೆ ನಿನ್ನ ಕಿವಿ ಹಿಂಡಿ, ಊಟ ಮಾಡ್ಕಂಡು ಹೋಗ್ತೀನಿ. ಇವನದಾದ್ರೆ ಈ ಮೆಟ್ಲು ಇನ್ನು ನಂಗೆ ಬೇಡ."

ಚಿಕ್ಕಮ್ಮ ಸೌಟು ಹಿಡಿದು ಬಾಗಿಲಿಗೆ ಬಂದಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಅಂಗಳದಲ್ಲಿ ನಿಂತು ಕೇಳುತ್ತಿದ್ದ. ಮೂವತ್ತೈದು ದಾಟಿದ ನನ್ನ ಕಿವಿ ಬಿಸಿಯಾಯಿತು.

"ಚಿಕ್ಕಪ್ಪ ಚಾಟ್‌ನಲ್ಲಿ ನನಗೊಬ್ಬನಿಗೇ ಬರೆದಿದ್ರು. ಆ ಪಟ್ಟಿಯವರು ಸಾಕು ಅಂತ."

"ನಾನಾ? ನಾನೆಲ್ಲಿ ಬರ್ದೆ?" ಎಂದರು ಚಿಕ್ಕಪ್ಪ. "ಬೇಕಾದ್ರೆ ಈಗ ಹೇಳ್ತೀನಿ, ಸಾಕು ಅಂತ. ಅವತ್ತು ಬರ್ದಿಲ್ಲ. ಬರ್ದಿದ್ರೆ ತೋರ್ಸು!"

"ಹಳೆ ಮಾತೆಲ್ಲ ಮೈಸೂರಿನ ಕಂಪ್ಯೂಟರಿನಲ್ಲಿದೆ. ತರಿಸಿ ತೋರಿಸ್ತೀನಿ."

ಅತ್ತೆ ಅಷ್ಟರವರೆಗೆ ಕಾಯಲಿಲ್ಲ, ಮೆಟ್ಟಿಲಿಳಿದು ಹೊರಟರು. ಚಿಕ್ಕಮ್ಮ ಹಿಂದೆಯೇ ಓಡಿದರೂ ತಿರುಗಿ ನೋಡಲಿಲ್ಲ.

ಹೇಳುವ ಹೊತ್ತಿಗೆ ನಾನು ಅದನ್ನು ನಂಬಿದ್ದೆನೇ? ನಂಬಿದ್ದೆ ಎಂದುಕೊಳ್ಳುತ್ತೇನೆ. ತೆರೆಯ ಮೇಲೆ ಚಿಕ್ಕಪ್ಪನ ಆ ಸಾಲು ಈಗಲೂ ಕಣ್ಣಿಗೆ ಕಾಣುತ್ತದೆ. ಆದರೆ ಅದರಲ್ಲಿ ಅಕ್ಷರ ಒಂದೂ ತಪ್ಪಿಲ್ಲ, ಚಿಕ್ಕಪ್ಪ ತಪ್ಪಿಲ್ಲದೆ ಒಂದು ಸಾಲು ಟೈಪ್ ಮಾಡಿದ್ದನ್ನು ನಾನು ಕಂಡದ್ದಿಲ್ಲ. ಇನ್ನೊಂದು ನೆನಪೂ ಇದೆ. ಬೀರುವಿನ ಮುಂದೆ ನಾನೊಬ್ಬನೇ ನಿಂತಿದ್ದೇನೆ, ಬೆರಳು ಹೆಸರುಗಳ ಮೇಲೆ ಇಳಿಯುತ್ತಿದೆ. ಇಲ್ಲಿ ಅತ್ತೆ ಇಲ್ಲವಲ್ಲ ಎನ್ನಿಸುತ್ತದೆ. ಥೀಸಿಸ್‌ನ ಮಾತು ನೆನಪಾಗುತ್ತದೆ. ಬೆರಳು ಮುಂದಕ್ಕೆ ಹೋಗುತ್ತದೆ. ಇದು ನಡೆದದ್ದೋ, ನನ್ನನ್ನು ನಾನೇ ಬಯ್ದುಕೊಳ್ಳಲು ಆಮೇಲೆ ಕಟ್ಟಿಕೊಂಡದ್ದೋ ಹೇಳಲಾರೆ.

ಮುಂದಿನ ವಾರ ಗೆಳೆಯ ಫೋನ್ ಮಾಡಿ, ಹಳೆಯ ಕಂಪ್ಯೂಟರ್ ನಿಲ್ಲಿಸುತ್ತಿದ್ದೇನೆ, ನಿಮ್ಮ ಮಾತುಕತೆಯ ಪ್ರತಿ ಸಿಡಿಗೆ ಹಾಕಿ ಕಳಿಸಲೇ ಎಂದು ಕೇಳಿದ. ತರಗತಿಯಲ್ಲಿ ಆಧಾರವಿಲ್ಲದೆ ಮಾತಾಡಿದ ಹುಡುಗರನ್ನು ನಿಲ್ಲಿಸಿ ಕೇಳುತ್ತಿದ್ದ ಮೇಷ್ಟ್ರು ನಾನು. "ಬೇಡ, ಅಳಿಸಿಬಿಡು" ಎಂದೆ.

ಅತ್ತೆಗೆ ಮನೆತನದ ಹೆಸರಿನಲ್ಲೇ ಖಾತೆ ತೆರೆದು ಪಾಸ್‌ವರ್ಡನ್ನು ಕಾಗದದಲ್ಲಿ ಕಳಿಸಿದೆ. ಅವರು ಅದನ್ನು ಬಳಸಲೇ ಇಲ್ಲ.

ಮರುವರ್ಷ ಕಳಸದಲ್ಲಿ ಒಂದು ಮದುವೆ. ಊಟದ ಹಾಲಿಗೆ ಹೋಗುವಾಗ ಚಿಕ್ಕಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದರು.

"ತೋರಿಸ್ತೀನಿ ಅಂದಿದ್ಯಲ್ಲ?"

"ಆ ಕಂಪ್ಯೂಟರ್ ಹಾಳಾಯ್ತು ಚಿಕ್ಕಪ್ಪ."

"ಹಾಳಾಯ್ತಾ, ಹಾಳು ಮಾಡಿದ್ಯಾ?"

ಉತ್ತರಕ್ಕೆ ಕಾಯದೆ ಹೋಗಿ ಪಂಕ್ತಿಯಲ್ಲಿ ಕುಳಿತರು. ಎದುರು ಸಾಲಿನಲ್ಲಿ ಅತ್ತೆ ಇದ್ದರು. ಅವರು ಎಲೆ ಬಿಟ್ಟು ಏಳಲಿಲ್ಲ, ಇವರು ತಲೆ ಎತ್ತಲಿಲ್ಲ. ಇಬ್ಬರಿಗೂ ನಡುವೆ ನಿಂತು ಒಂದು ಮಾತು ಹೇಳಬಹುದಿತ್ತು. ನಾನು ಎರಡನೆಯ ಪಂಕ್ತಿಗೆ ಕೂರುತ್ತೇನೆಂದು ಹೇಳಿ ಹೊರಗೆ ಬಂದೆ.