ಗೇಟಿನ ಮೇಲಿನ ಇಂಜಿನಿಯರ್

ಗೆಳೆಯರೇ, ಶಹಾಬಾದದಲ್ಲಿ ನಾವು ಓದಿದ ಖಾಸಗಿ ಹೈಸ್ಕೂಲಿನ ಗೇಟಿಗೆ ಸಹಪಾಠಿ ರಫೀಕನ ಫ್ಲೆಕ್ಸ್ ಹಾಕಿದ್ದಾರೆ: 'ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿ, ಇಂಜಿನಿಯರ್, ಪುಣೆ.' ಬಿ.ಇ. ಮುಗಿಸಿದ ರಫೀಕ ಪುಣೆಗೆ ಹೋಗಿದ್ದು ಒಂದೇ ಸಲ, ಸಂದರ್ಶನಕ್ಕೆ. ಈಗ ಊರಲ್ಲೇ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುತ್ತಾನೆ.

ಇಂದು ಬೆಳಿಗ್ಗೆ ಅವನ ಜೊತೆ ಶಾಲೆಗೆ ಹೋಗಿದ್ದೆ.

"ಸರ್, ಮಂದಿ ಭಾಳ ನಗಾಕತ್ತಾರ್ರಿ. ಅದನ್ನ ತೆಗಸ್ರಿ," ಎಂದು ಬೇಡಿಕೊಂಡ.

"ಅಡ್ಮಿಷನ್ ಮುಗಿಯೋತನ ತಡಿಯೋ," ಎಂದರು ಹೆಡ್‌ಮಾಸ್ಟರು. "ಅಲ್ಲೀತನ ಮೈತುಂಬ ಕಲ್ಲಿನ ಧೂಳ ಹೊತ್ಕೊಂಡು ಗೇಟಿನ ಕಡೆ ಬರಬ್ಯಾಡ."

ಹೊರಗೆ ಮಗಳನ್ನು ಶಾಲೆಗೆ ಸೇರಿಸಲು ಬಂದಿದ್ದ ಹಿರಿಯರೊಬ್ಬರು ಫ್ಲೆಕ್ಸನ್ನೂ ರಫೀಕನನ್ನೂ ನೋಡಿ, "ಇವ್ರು ನೀವೇ ಏನ್ರಿ?" ಎಂದರು.

"ಅಲ್ರೀ ಕಾಕಾ, ಅವ ಪುಣೆದಾಗ ಅದಾನ," ಎಂದ ರಫೀಕ.

ಅವರು ಸಮಾಧಾನದಿಂದ ಮಗಳನ್ನು ಒಳಗೆ ಕರೆದೊಯ್ದರು. ಶಾಲೆಗೆ ಒಂದು ಸೀಟು ತುಂಬಿತು. ಇಂಜಿನಿಯರ್ ಸಾಹೇಬರು ಕಲ್ಲು ಪಾಲಿಶ್ ಮಾಡಲು ಹೋದರು.